ಕಷಾಯದ ಜೊತೆ ಕೊಟ್ಟವರ ಕಥೆಯನ್ನೂ ಹೇಳಿ

ಓದುಗರ ಪತ್ರ: "ನಾನು ಕೆನಡಾದ ಒಂದು ಕಾಲೇಜಿನಲ್ಲಿ ನರ್ಸಿಂಗ್ ಕಲಿಸುತ್ತೇನೆ. ಪಕ್ಕದ ವಿಭಾಗದಲ್ಲಿ ನನ್ನ ಗೆಳತಿ, ಮುಂದೆ ಶಿಶುವಿಹಾರದ ಟೀಚರ್ ಆಗುವವರಿಗೆ ಪಾಠ ಮಾಡುತ್ತಾಳೆ. ಇಲ್ಲಿನ ಮೂಲನಿವಾಸಿಗಳ ಜ್ಞಾನವನ್ನು ಎಲ್ಲ ಪಾಠಗಳಲ್ಲೂ ಸೇರಿಸಬೇಕು ಎಂದು ಈ ವರ್ಷ ಸೂಚನೆ ಬಂದಿದೆ. ಇಬ್ಬರಿಗೂ ಒಂದೇ ಸ್ಲೈಡ್ ಕೊಟ್ಟಿದ್ದಾರೆ: ನಾಲ್ಕು ಬಣ್ಣದ ಮೆಡಿಸಿನ್ ವೀಲ್ ಚಿತ್ರ, ಅಂದರೆ ಬದುಕಿನ, ಆರೋಗ್ಯದ ಸಮತೋಲನ ತೋರಿಸಲು ಕೆಲವು ಮೂಲನಿವಾಸಿಗಳು ಬಳಸುವ ಚಕ್ರ. ನಾನು ಹೊರಗಿನಿಂದ ಬಂದವಳು. ಇದನ್ನು ಕಲಿಸುವ ಹಕ್ಕು ನನಗಿದೆಯಾ? ನಮ್ಮಜ್ಜಿಯ ಮನೆಮದ್ದಿಗೆ ಹೋಲಿಸಿ ಹೇಳಬಹುದಾ? 'ಇದು ವಿಜ್ಞಾನವಾ ಮೇಡಂ?' ಎಂದು ಒಬ್ಬ ಹುಡುಗ ಕೇಳಿದ, ಉತ್ತರ ಹೊಳೆಯಲಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಬೇರೆ ಇಡಬೇಕಂತೆ!"

ಪ್ರಿಯ ಮೇಡಂ,

ನಿಮ್ಮ ಪತ್ರ ಉದ್ದವಿತ್ತು, ಕತ್ತರಿಸಿದ್ದೇನೆ. ನೀವು ಕೇಳಿಕೊಂಡಂತೆ ಹೆಸರು, ಕಾಲೇಜು ಎರಡನ್ನೂ ಬಿಟ್ಟಿದ್ದೇನೆ. ನನ್ನ ಉತ್ತರವನ್ನು ಮಾತ್ರ ಕತ್ತರಿಸಲು ಮನಸ್ಸಾಗಲಿಲ್ಲ, ಸಹಿಸಿಕೊಳ್ಳಿ.

ಆ ಸ್ಲೈಡನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲ ಕ್ಲಾಸಿನಲ್ಲಿ ಈ ಕಥೆ ಹೇಳಿ. ನಿಜವಾಗಿ ನಡೆದದ್ದೇ.

1535ರ ಚಳಿಗಾಲ. ಫ್ರೆಂಚ್ ನಾವಿಕ ಝಾಕ್ ಕಾರ್ಟಿಯೆ ಈಗಿನ ಕ್ವಿಬೆಕ್ ನಗರ ಇರುವಲ್ಲಿ, ಸ್ಟಾಡಕೋನಾ ಎಂಬ ಊರಿನ ಬಳಿ, ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದ. ಜೊತೆಗೆ 110 ಜನ. ಅವರಿಗೆ ಸ್ಕರ್ವಿ ಬಡಿಯಿತು, ವಿಟಮಿನ್ ಸಿ ಕೊರತೆಯಿಂದ ಬರುವ ಕಾಯಿಲೆ. ಕಾಲು ಊದಿತು, ಒಸಡು ಕೊಳೆಯಿತು, 25 ಜನ ಸತ್ತರು. ಆಗ ಊರ ಮುಖಂಡ ಡೊನ್ನಕೋನಾನ ಮಗ ಡೊಮಗಾಯ ಒಂದು ಮರದ ಬಗ್ಗೆ ಹೇಳಿದ. ಅವರ ಮಾತಿನಲ್ಲಿ ಅದು 'ಅನೆಡ್ಡ'. ಅದರ ತೊಗಟೆ, ಎಲೆ ಕುದಿಸಿ ಕುಡಿದವರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ಹಡಗು ವೈದ್ಯ ಸ್ಕರ್ವಿಗೆ ನಿಂಬೆ, ಕಿತ್ತಳೆ ಕೊಟ್ಟು ತನ್ನ ಹೆಸರಾಂತ ಪ್ರಯೋಗ ಮಾಡಿದ್ದು 1747ರಲ್ಲಿ. ಅಂದರೆ ಇನ್ನೂರಕ್ಕೂ ಜಾಸ್ತಿ ವರ್ಷ ಆದಮೇಲೆ.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ. 1536ರ ಮೇ ತಿಂಗಳಲ್ಲಿ ಊರಿಗೆ ಹೊರಡುವಾಗ ಕಾರ್ಟಿಯೆ ಡೊನ್ನಕೋನಾನನ್ನೂ, ಮದ್ದು ಹೇಳಿಕೊಟ್ಟ ಡೊಮಗಾಯನನ್ನೂ, ಇನ್ನೂ ಕೆಲವರನ್ನೂ ಹಿಡಿದು ಹಡಗಿಗೆ ಹತ್ತಿಸಿಕೊಂಡ. ಫ್ರಾನ್ಸಿಗೆ ಹೋದ ಅವರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ. 1608ರಲ್ಲಿ ಶಾಂಪ್ಲೇನ್ ಎಂಬ ಇನ್ನೊಬ್ಬ ಫ್ರೆಂಚ್ ನಾವಿಕ ಬಂದು ಅಲ್ಲೇ ಕ್ವಿಬೆಕ್ ಕಟ್ಟುವ ಹೊತ್ತಿಗೆ ಸ್ಟಾಡಕೋನಾ ಎಂಬ ಊರೇ ಇರಲಿಲ್ಲ. ಮೊದಲ ಚಳಿಗಾಲದಲ್ಲಿ ಅವನ ಜೊತೆಗಿದ್ದ 28 ಜನರಲ್ಲಿ 20 ಜನ ಸತ್ತರು, ಸ್ಕರ್ವಿ ಮತ್ತು ಭೇದಿಯಿಂದ. ಮದ್ದಿನ ಮರ ಕಾಡಿನಲ್ಲಿ ಇದ್ದೇ ಇತ್ತು, ಹೇಳುವವರು ಇರಲಿಲ್ಲ. ಅದು ಯಾವ ಮರ ಎಂಬ ಚರ್ಚೆ ಈಗಲೂ ಮುಗಿದಿಲ್ಲ. ಸೀಡರ್ ಎನ್ನುವವರೂ ಇದ್ದಾರೆ, ಬಾಲ್ಸಮ್ ಫರ್ ಎನ್ನುವವರೂ ಇದ್ದಾರೆ.

ನಿಮ್ಮ ಕಾಲೇಜು ಕೊಟ್ಟ ಸ್ಲೈಡಿನ ಮೇಲೆ ನನಗಿರುವ ತಕರಾರು ಇದೇ. ಅದರಲ್ಲಿ ಕಷಾಯ ಇದೆ, ಡೊಮಗಾಯ ಇಲ್ಲ. ಜನರನ್ನು ಬಿಟ್ಟು ಜ್ಞಾನ ಮಾತ್ರ ತರುತ್ತೇವೆ ಅಂದರೆ ಅದು ಎಲೆ ತುದಿಗೆ ಬಡಿಸಿದ ಉಪ್ಪಿನಕಾಯಿ ಆಗುತ್ತದೆ. ಬಡಿಸಿದ್ದೇವೆ ಅಂತ ಲೆಕ್ಕಕ್ಕೆ ಇರುತ್ತದೆ, ಅಷ್ಟೇ.

ಈ ಸೂಚನೆ ಎಲ್ಲಿಂದ ಬಂತು ಎಂದು ಹುಡುಗರಿಗೆ ಹೇಳಿದ್ದೀರಾ? ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ 94 ಶಿಫಾರಸುಗಳನ್ನು ಕೊಟ್ಟಿತು. ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ವಸತಿ ಶಾಲೆಗಳಿಗೆ ಹಾಕಿ, ಅವರ ಭಾಷೆ, ನಡೆನುಡಿ ಎಲ್ಲವನ್ನೂ ಅಳಿಸಲು ನೋಡಿದ ಚರಿತ್ರೆಯನ್ನು ವಿಚಾರಿಸಿದ ಆಯೋಗ ಅದು. 24ನೇ ಶಿಫಾರಸು ನಿಮ್ಮದು. ಎಲ್ಲ ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳೂ ಮೂಲನಿವಾಸಿಗಳ ಆರೋಗ್ಯದ ಬಗ್ಗೆ ಒಂದು ಕೋರ್ಸ್ ಓದಲೇಬೇಕು ಎನ್ನುತ್ತದೆ. ಅದರಲ್ಲಿ ಏನೇನಿರಬೇಕು ಎಂಬ ಪಟ್ಟಿಯ ಕ್ರಮ ನೋಡಿ. ಮೊದಲು ವಸತಿ ಶಾಲೆಗಳ ಚರಿತ್ರೆ, ಆಮೇಲೆ ಹಕ್ಕುಗಳು, ಒಪ್ಪಂದಗಳು. ಮೂಲನಿವಾಸಿಗಳ ಬೋಧನೆ, ಪದ್ಧತಿಗಳ ಮಾತು ಕೊನೆಗೆ. ನಿಮ್ಮ ಕಾಲೇಜು ಬಾಲದಿಂದ ಶುರುಮಾಡಿದೆ. ನಿಮ್ಮ ಗೆಳತಿಗೆ 62ನೇದು ತೋರಿಸಿ: ಮೂಲನಿವಾಸಿಗಳ ಜ್ಞಾನವನ್ನೂ ಕಲಿಸುವ ರೀತಿಯನ್ನೂ ತರಗತಿಗೆ ತರುವುದು ಹೇಗೆ ಎಂದು ಶಿಕ್ಷಕರಿಗೆ ಕಲಿಸಲು ಕಾಲೇಜುಗಳಿಗೆ ಹಣ ಕೊಡಿ ಎಂದಿದೆ ಅದು. ಹಣ ಎಂಬ ಪದ ಅಲ್ಲಿದೆ. ಒಂದು ಸ್ಲೈಡ್ ಕಳಿಸಿ ಕೈತೊಳೆದುಕೊಂಡವರಿಗೆ ಅದನ್ನು ನೆನಪಿಸಬಹುದು ಅಲ್ವಾ?

ಚರಿತ್ರೆ ಯಾಕೆ ಮೊದಲು ಅಂದರೆ, ಅದರಲ್ಲಿ ನಿಮ್ಮ ವೃತ್ತಿಯೇ ಇದೆ. 1948ರಿಂದ 1952ರವರೆಗೆ ಆರು ವಸತಿ ಶಾಲೆಗಳಲ್ಲಿ, ಮೊದಲೇ ಅರೆಹೊಟ್ಟೆಯಲ್ಲಿದ್ದ ಮಕ್ಕಳ ಮೇಲೆ, ಸರ್ಕಾರದ ಪೋಷಣಾ ತಜ್ಞರು ಪ್ರಯೋಗ ನಡೆಸಿದರು. ಫಲಿತಾಂಶ ಕೆಡಬಾರದು ಎಂದು ಕೆಲವು ಕಡೆ ಹಲ್ಲಿನ ಚಿಕಿತ್ಸೆಯನ್ನೂ ತಡೆಹಿಡಿದರು. ಇಯಾನ್ ಮೋಸ್ಬಿ ಎಂಬ ಇತಿಹಾಸಕಾರ 2013ರಲ್ಲಿ ಇದನ್ನು ಹೊರಗೆ ತಂದ ಮೇಲೆ ದೇಶವೆಲ್ಲ ಸುದ್ದಿಯಾಯಿತು. ಉತ್ತರದ ಇನುಯಿಟ್ ಜನರಿಗೆ ಕ್ಷಯ ಬಂದಾಗ ಹಡಗಿನಲ್ಲಿ ದಕ್ಷಿಣದ ಆಸ್ಪತ್ರೆಗಳಿಗೆ ಒಯ್ದರು, ಸತ್ತವರನ್ನು ಎಲ್ಲಿ ಹೂಳಿದರು ಎಂಬುದು ಎಷ್ಟೋ ಮನೆಯವರಿಗೆ ತಿಳಿಯಲೇ ಇಲ್ಲ. ಪ್ರಧಾನಿ ಕ್ಷಮೆ ಕೇಳಿದ್ದು 2019ರಲ್ಲಿ. ಇಂಥ ಮನೆಯಿಂದ ಬಂದ ಅಜ್ಜಿಯೊಬ್ಬರು ವಾರ್ಡಿನಲ್ಲಿ ಮಾತೇ ಆಡದೆ ಗೋಡೆ ಕಡೆ ಮುಖ ಮಾಡಿ ಮಲಗಿದರೆ ನಿಮ್ಮ ವಿದ್ಯಾರ್ಥಿ ಚಾರ್ಟಿನಲ್ಲಿ ಏನೆಂದು ಬರೆಯುತ್ತಾನೆ? 'ಸಹಕರಿಸುತ್ತಿಲ್ಲ' ಎಂದು ತಾನೆ?

ಇದೆಲ್ಲ ಹಳೆಯ ಕಥೆ ಎಂದು ಯಾರಾದರೂ ಅಂದರೆ, 2008ರಲ್ಲಿ ವಿನಿಪೆಗ್ ನಗರದ ಎಮರ್ಜೆನ್ಸಿಯಲ್ಲಿ ಗಾಲಿಕುರ್ಚಿಯ ಮೇಲೆ 34 ಗಂಟೆ ಕಾದು ಸತ್ತ ಮೂಲನಿವಾಸಿ ಬ್ರಯನ್ ಸಿಂಕ್ಲೇರ್ ಹೆಸರು ಹೇಳಿ. ಮೂತ್ರಕೋಶದ ಸೋಂಕು, ಚಿಕಿತ್ಸೆ ಇದ್ದ ಕಾಯಿಲೆ. ಕುಡಿದಿರಬೇಕು, ಮನೆ ಇಲ್ಲದವನಿರಬೇಕು ಎಂದು ಕೆಲವರು ತಾವೇ ಅಂದುಕೊಂಡು ಸುಮ್ಮನಾದರು. 2020ರಲ್ಲಿ ಕ್ವಿಬೆಕ್‌ನ ಜೋಲಿಯೆಟ್‌ನಲ್ಲಿ ಅಟಿಕಮೆಕ್ವ್ ಸಮುದಾಯದ ಜಾಯ್ಸ್ ಎಶಕ್ವಾನ್ ಸಾಯುವ ಮುಂಚೆ ತನ್ನ ಫೋನಿನಲ್ಲೇ ಆಸ್ಪತ್ರೆಯವರ ಬೈಗುಳ ಎಲ್ಲರಿಗೂ ಕೇಳಿಸಿದರು. ಏಳು ಮಕ್ಕಳ ತಾಯಿ. ಮೆಡಿಸಿನ್ ವೀಲ್‌ನ ನಾಲ್ಕು ಬಣ್ಣ ಬಾಯಿಪಾಠ ಮಾಡಿ ಪಾಸಾದ ನರ್ಸ್ ಅಲ್ಲಿದ್ದಿದ್ದರೆ ಏನಾದರೂ ಬೇರೆ ಆಗುತ್ತಿತ್ತಾ? ನನಗಂತೂ ಅನ್ನಿಸುವುದಿಲ್ಲ.

ಈಗ ಆ ಹುಡುಗನ ಪ್ರಶ್ನೆ. ಒಳ್ಳೆಯ ಪ್ರಶ್ನೆ, ಗದರಬೇಡಿ. ನೋವಾ ಸ್ಕೋಷಿಯಾದ ಕೇಪ್ ಬ್ರೆಟನ್ ದ್ವೀಪದಲ್ಲಿ ಮಿಕ್ಮಾ ಸಮುದಾಯದ ಹಿರಿಯರಾದ ಆಲ್ಬರ್ಟ್ ಮಾರ್ಷಲ್ 2004ರಲ್ಲಿ ಮುಂದಿಟ್ಟ ಮಾತು 'ಎಟುಅಪ್ಟ್ಮುಮ್ಕ್', ಅಂದರೆ ಎರಡು ಕಣ್ಣಿನ ನೋಟ. ಒಂದು ಕಣ್ಣಿಂದ ಮೂಲನಿವಾಸಿಗಳ ಅರಿವಿನ ಬಲ ನೋಡು, ಇನ್ನೊಂದರಿಂದ ಪಾಶ್ಚಾತ್ಯ ವಿಜ್ಞಾನದ ಬಲ ನೋಡು, ಎಲ್ಲರ ಒಳಿತಿಗೆ ಎರಡನ್ನೂ ಬಳಸು. ಅವರೂ ಅವರ ಪತ್ನಿ ಮರ್ಡೀನಾ ಅವರೂ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಕಲಿಸುವ ಒಂದು ಪ್ರಯತ್ನದ ಜೊತೆಗಿದ್ದರು. ಇಲ್ಲಿ ಒಂದು ಕಣ್ಣು ಇನ್ನೊಂದಕ್ಕೆ ಪರೀಕ್ಷಕ ಅಲ್ಲ. ಹಾಗೆಂದು ಒಂದನ್ನು ಮುಚ್ಚಿಕೊಳ್ಳಬೇಕು ಅಂತಲೂ ಅಲ್ಲ. ಕ್ಷಯಕ್ಕೆ ಆಂಟಿಬಯಾಟಿಕ್ ಕೊಡಲೇಬೇಕು. ಆದರೆ ಆರು ತಿಂಗಳು ಬಿಡದೆ ಆ ಮಾತ್ರೆ ನುಂಗಲು ರೋಗಿಗೆ ನಂಬಿಕೆ ಬೇಕು, ಜೊತೆಗೆ ಯಾರಾದರೂ ಬೇಕು, ತನ್ನ ಭಾಷೆಯಲ್ಲಿ ಕೇಳಿಸಿಕೊಳ್ಳುವವರು ಬೇಕು. ಅದು ಮಾತ್ರೆಯ ಚೀಟಿಯಲ್ಲಿ ಸಿಗುವುದಿಲ್ಲ. 22ನೇ ಶಿಫಾರಸು ಕೂಡ ಇದನ್ನೇ ಹದವಾಗಿ ಹೇಳುತ್ತದೆ: ರೋಗಿ ಕೇಳಿಕೊಂಡಲ್ಲಿ, ಅವರ ಹಿರಿಯರ, ವೈದ್ಯರ ಜೊತೆಗೂಡಿ ಅವರ ಚಿಕಿತ್ಸಾ ಪದ್ಧತಿಯನ್ನೂ ಬಳಸಿ. ರೋಗಿ ಕೇಳಿಕೊಂಡಲ್ಲಿ. ಮುಖ ನೋಡಿ ನಾವೇ ಊಹಿಸಿಕೊಂಡು ಅಲ್ಲ. ಮೂಲನಿವಾಸಿಗಳಲ್ಲಿ ಚರ್ಚಿಗೆ ಹೋಗುವವರೂ ಇದ್ದಾರೆ, ಯಾವುದೂ ಬೇಡ ಎನ್ನುವವರೂ ಇದ್ದಾರೆ.

ಒಂದು ಎಚ್ಚರ. ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ, ಮನಶ್ಶಾಸ್ತ್ರಜ್ಞ ಮ್ಯಾಸ್ಲೊನ ಪಿರಮಿಡ್ಡು ನಿಮಗೂ ನಿಮ್ಮ ಗೆಳತಿಗೂ ಕಲಿಸಲೇಬೇಕಾದದ್ದು. ಅದನ್ನು ಅವನು ಬ್ಲ್ಯಾಕ್‌ಫುಟ್ ಎಂಬ ಮೂಲನಿವಾಸಿ ಜನರಿಂದ ಕದ್ದ ಎಂಬ ಮಾತು ಓಡಾಡುತ್ತಿದೆ. 1938ರ ಬೇಸಿಗೆಯಲ್ಲಿ ಅವನು ಆ ಜನರ ಊರಾದ ಸಿಕ್ಸಿಕಾದಲ್ಲಿ ಇದ್ದದ್ದು ನಿಜ, ಅಲ್ಲಿನ ಜನರನ್ನು ಮೆಚ್ಚಿಕೊಂಡದ್ದೂ ನಿಜ. ಆದರೆ ಪಿರಮಿಡ್ಡಿನ ಚಿತ್ರ ಬರೆದವನೇ ಅವನಲ್ಲ, ಮತ್ತೆ ಕದ್ದ ಎಂಬುದಕ್ಕೆ ಗಟ್ಟಿ ಆಧಾರವೂ ಇಲ್ಲ. ಒಳ್ಳೆಯ ಉದ್ದೇಶಕ್ಕೆ ಅಂತ ಅರ್ಧ ಸತ್ಯ ಹೇಳಬೇಡಿ. ಹುಡುಗರು ಒಂದರಲ್ಲಿ ಸಿಕ್ಕಿಹಾಕಿಸಿದರೆ ಉಳಿದದ್ದನ್ನೂ ನಂಬುವುದಿಲ್ಲ.

ಅಜ್ಜಿಯ ವಿಷಯ. ಒಂದು ಸಲ ಹೇಳಿ, ತಪ್ಪಿಲ್ಲ. ಆದರೆ 'ನಮ್ಮಲ್ಲೂ ಹೀಗೇ ಇದೆ' ಎಂದು ಅಲ್ಲೇ ನಿಲ್ಲಬೇಡಿ. ನಿಮ್ಮಜ್ಜಿ ಕಷಾಯ ಕಾಸಿದ್ದಕ್ಕೆ ಪೊಲೀಸರು ಮನೆಗೆ ಬರಲಿಲ್ಲ. ಕೆನಡಾದ ಪಶ್ಚಿಮ ಕರಾವಳಿಯ ಜನರ ಪಾಟ್ಲಾಚ್ ಎಂಬ ಹಬ್ಬಕ್ಕೆ 1885ರಿಂದ 1951ರವರೆಗೆ ಕಾನೂನಿನಲ್ಲೇ ನಿಷೇಧ ಇತ್ತು, ಮಾಡಿದವರು ಜೈಲಿಗೆ ಹೋದರು. ಹೋಲಿಕೆ ಹೇಳಿದಷ್ಟೇ ಹೊತ್ತು ವ್ಯತ್ಯಾಸವನ್ನೂ ಹೇಳಿ.

ಹಕ್ಕಿನ ಪ್ರಶ್ನೆಗೆ ನನ್ನ ಉತ್ತರ ನೇರ. ಚರಿತ್ರೆ, ಕಾನೂನು, ಆಸ್ಪತ್ರೆಯ ತಾರತಮ್ಯ, ಇವನ್ನು ಕಲಿಸುವ ಹಕ್ಕಲ್ಲ, ಕೆಲಸವೇ ನಿಮ್ಮದು. ಅದನ್ನೂ ಮೂಲನಿವಾಸಿಗಳ ಹೆಗಲಿಗೆ ಹಾಕಬೇಡಿ, ತಮ್ಮ ನೋವನ್ನು ತಾವೇ ವರ್ಷವರ್ಷ ಬಂದು ಹೇಳುತ್ತಿರಬೇಕಾ ಅವರು? ಮದ್ದು, ಆಚರಣೆ, ಕಥೆ, ಇವು ಅವರದು. ಅವರು ಬಂದು ಹೇಳಲಿ, ಹೇಳುವುದಿಲ್ಲ ಅಂದರೆ ಸುಮ್ಮನಿರಿ. ನರ್ಸಿಂಗ್‌ನಲ್ಲಿ ಈ ದಾರಿ ತೋರಿಸಿದವರು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಸಮುದಾಯದ ನರ್ಸ್ ಇರಿಹಾಪೆಟಿ ರಾಮ್ಸ್ಡೆನ್. ಆರೈಕೆ ಸುರಕ್ಷಿತವಾಗಿತ್ತೋ ಇಲ್ಲವೋ ಹೇಳಬೇಕಾದವರು ನರ್ಸ್ ಅಲ್ಲ, ಆರೈಕೆ ಪಡೆದವರು ಎಂಬುದು ಅವರ ವಾದದ ತಿರುಳು. 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಅದನ್ನು ಶಿಕ್ಷಣದಲ್ಲಿ ಸೇರಿಸಿದ ಮೇಲೆ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯೇ ಆಯಿತು. ಆದರೂ ಉಳಿಯಿತು. ನಿಮ್ಮ ಗೆಳತಿಗೂ ಆ ದೇಶದಲ್ಲೇ ಒಂದು ಮಾದರಿ ಇದೆ. 1996ರ ಶಿಶುಶಿಕ್ಷಣದ ಪಠ್ಯಕ್ರಮಕ್ಕೆ 'ತೆ ಫಾರಿಕಿ' ಎಂದು ಹೆಸರು, ಹೆಣೆದ ಚಾಪೆ ಎಂದರ್ಥ. ಇಂಗ್ಲಿಷಿನಲ್ಲಿ ಬರೆದು ಮಾವೊರಿಗೆ ಅನುವಾದ ಮಾಡಿದ್ದಲ್ಲ ಅದು, ಮಾವೊರಿ ಶಿಕ್ಷಣ ತಜ್ಞರು ಮೊದಲಿನಿಂದಲೂ ಜೊತೆಗೆ ಕೂತು ಹೆಣೆದದ್ದು.

ಹಿರಿಯರನ್ನು ಕರೆಯುತ್ತೀರಾದರೆ ಟೈಮ್‌ಟೇಬಲ್ ಅವರನ್ನು ಕೇಳಿ ಮಾಡಿ. ಅನಿಶಿನಾಬೆ ಸಮುದಾಯದಲ್ಲಿ ಕೆಲವು ಕಥೆಗಳನ್ನು ಹಿಮ ಬಿದ್ದಿರುವಾಗ ಮಾತ್ರ ಹೇಳುತ್ತಾರೆ. ಸೆಪ್ಟೆಂಬರ್‌ನಲ್ಲೇ ಬೇಕು ಅಂದರೆ ಸಿಗುವುದಿಲ್ಲ. ತಿಳಿವಳಿಕೆ ಕೇಳುವಾಗ ತಂಬಾಕು ಕೊಟ್ಟು ಕೇಳುವುದು ಅವರ ರೀತಿ, ಆದರೆ ಎಲ್ಲ ಸಮುದಾಯಗಳದ್ದೂ ಅದಲ್ಲ, ಮುಂಚೆ ವಿಚಾರಿಸಿಕೊಳ್ಳಿ. ಮತ್ತೆ ಸಂಭಾವನೆ. ಪಿಎಚ್‌ಡಿ ಇದ್ದವರಿಗೆ ಕೊಡುವಷ್ಟನ್ನು ಕೊಡಿ, ಅದೇ ದಿನ ಕೊಡಿ. ಎಂಬತ್ತು ವರ್ಷದ ಹಿರಿಯರ ಮುಂದೆ ಬಿಲ್ ತನ್ನಿ, ವಿದ್ಯಾರ್ಹತೆ ಬರೆಯಿರಿ ಎಂದು ಫಾರಂ ಹಿಡಿಯುವ ಅಕೌಂಟ್ಸ್ ವಿಭಾಗದ ಜೊತೆ ನೀವು ಮೊದಲೇ ಜಗಳ ಆಡಿ ಮುಗಿಸಿರಬೇಕು.

ಅಂಕದ ಮಾತು. ಹಿರಿಯರು ಹೇಳಿದ್ದನ್ನು ಬಿಟ್ಟ ಸ್ಥಳ ತುಂಬಿ ಎಂದು ಕೇಳಬೇಡಿ, ದಯವಿಟ್ಟು. ಆ ಗೋಡೆ ಕಡೆ ತಿರುಗಿ ಮಲಗಿದ ಅಜ್ಜಿಯ ಕೇಸ್ ಕೊಡಿ. ಏನು ಬರೆಯುತ್ತೀರಿ, ಯಾರನ್ನು ಕೇಳುತ್ತೀರಿ, ಏನನ್ನು ಊಹಿಸಿಕೊಳ್ಳುವುದಿಲ್ಲ ಎಂದು ಕೇಳಿ, ಅದಕ್ಕೆ ಅಂಕ ಕೊಡಿ.

ಅಂದ ಹಾಗೆ, ನೀವು ಪತ್ರದ ಜೊತೆ ಕಳಿಸಿದ ಆ ಮೆಡಿಸಿನ್ ವೀಲ್ ಚಿತ್ರವನ್ನು ನಾವು ಅಚ್ಚು ಹಾಕಿಲ್ಲ. ಕೆನಡಾದಲ್ಲಿ 'ಫಸ್ಟ್ ನೇಷನ್' ಎನ್ನುವ ಮೂಲನಿವಾಸಿ ಸಮುದಾಯಗಳೇ 600ಕ್ಕೂ ಹೆಚ್ಚಿವೆ, ಇನುಯಿಟ್, ಮೆಟಿಸ್ ಜನ ಬೇರೆ. ಇದು ಯಾರದು, ಯಾರು ಕೊಟ್ಟದ್ದು ಎಂದು ಸ್ಲೈಡಿನಲ್ಲಿ ಎಲ್ಲೂ ಬರೆದಿರಲಿಲ್ಲ. ಗೊತ್ತಾದರೆ ತಿಳಿಸಿ, ಅವರನ್ನು ಕೇಳಿ ಹಾಕೋಣ.

ಸಂಪಾದಕ