ಓದುಗರ ಪ್ರಶ್ನೆ, ನಮ್ಮ ಉತ್ತರ: ವಿದೇಶಿ ವಿಮಾನಸಂಸ್ಥೆಯ ಗುತ್ತಿಗೆಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ನನಗೆ 39 ವರ್ಷ. ಹನ್ನೊಂದು ವರ್ಷಗಳಿಂದ ಒಂದೇ ವಿಮಾನಸಂಸ್ಥೆಯಲ್ಲಿದ್ದೇನೆ; ಕಳೆದ ನಾಲ್ಕು ವರ್ಷಗಳಿಂದ ಏರ್‌ಬಸ್ ಎ320 ವಿಮಾನದ ಕ್ಯಾಪ್ಟನ್ ಆಗಿದ್ದೇನೆ. ಬೇರೊಂದು ದೇಶದ ವಿಮಾನಸಂಸ್ಥೆಗೆ ಪೈಲಟ್‌ಗಳನ್ನು ಒದಗಿಸುವ ಏಜೆನ್ಸಿಯೊಂದು ಮೂರು ವರ್ಷಗಳ ಗುತ್ತಿಗೆಯ ಪ್ರಸ್ತಾವ ಕಳುಹಿಸಿದೆ. ಸಂಬಳ ಈಗಿನದರ ಎರಡರಷ್ಟು, ತೆರಿಗೆ ಇಲ್ಲ ಎನ್ನುತ್ತಾರೆ. ಆದರೆ ಅದರಲ್ಲಿ ಶೇ 15ರಷ್ಟು ಗುತ್ತಿಗೆ ಪೂರೈಸಿದ ಮೇಲೆ ಸಿಗುವ ಬೋನಸ್; ಮೊದಲ ನಾಲ್ಕು ತಿಂಗಳ ತರಬೇತಿಯ ಅವಧಿಯಲ್ಲಿ ಶೇ 40ರಷ್ಟು ಸಂಬಳ ಮಾತ್ರ. ಆರು ವಾರ ಕೆಲಸ, ಎರಡು ವಾರ ರಜೆ. ತರಬೇತಿಯ ವೆಚ್ಚಕ್ಕೆ ಮೂರು ವರ್ಷಗಳ ಬಾಂಡ್ ಇದೆ, ಅಂದರೆ ಅದಕ್ಕೂ ಮೊದಲು ಬಿಟ್ಟರೆ ಆ ವೆಚ್ಚವನ್ನು ನಾನೇ ತೀರಿಸಬೇಕು. ಪತ್ನಿ ಉದ್ಯೋಗದಲ್ಲಿದ್ದಾರೆ, ಮಗಳು ಆರನೇ ತರಗತಿಯಲ್ಲಿದ್ದಾಳೆ. ಎರಡು ವಾರಗಳೊಳಗೆ ಉತ್ತರಿಸಬೇಕಂತೆ. ಒಪ್ಪಿಕೊಳ್ಳಲೇ?

ಉತ್ತರ: ನಿಮ್ಮ ಪತ್ರದಲ್ಲಿ ಗುತ್ತಿಗೆ ಹೇಗೆ ಶುರುವಾಗುತ್ತದೆ ಎಂಬುದರ ವಿವರವೆಲ್ಲ ಇದೆ, ಅದು ಹೇಗೆ ಮುಗಿಯುತ್ತದೆ ಎಂಬುದರ ಬಗ್ಗೆ ಒಂದು ಮಾತೂ ಇಲ್ಲ. ಇಂತಹ ಕರಾರುಪತ್ರವನ್ನು ಕೊನೆಯ ಪುಟದಿಂದ ಓದಲು ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಸ್ಥೆಯೇ ನಿಮ್ಮನ್ನು ನಡುವೆ ಕೈಬಿಟ್ಟರೆ ಆ ದಿನ ನಿಮ್ಮ ಕೈಯಲ್ಲಿ ಎಷ್ಟು ಹಣ, ಯಾವ ಲೈಸೆನ್ಸ್ ಮತ್ತು ಮರಳಿ ಹೋಗಲು ಯಾವ ಕೆಲಸ ಉಳಿದಿರುತ್ತದೆ ಎಂಬುದು ಗೊತ್ತಾಗುವವರೆಗೆ ಸಂಬಳದ ಅಂಕಿಗೆ ಅರ್ಥವಿಲ್ಲ.

ಇದು ಕೇವಲ ಊಹೆಯ ಭಯವಲ್ಲ. 2020ರಲ್ಲಿ ಕೋವಿಡ್ ಕಾರಣದಿಂದ ವಿಮಾನಗಳು ನೆಲಕ್ಕಿಳಿದಾಗ ಹಲವು ದೇಶಗಳ ಸಂಸ್ಥೆಗಳು ಮೊದಲು ಸಂಬಳವಿಲ್ಲದ ರಜೆಗೆ ಕಳುಹಿಸಿದ್ದು, ಆಮೇಲೆ ಕೈಬಿಟ್ಟದ್ದು ಗುತ್ತಿಗೆಯ ವಿದೇಶಿ ಪೈಲಟ್‌ಗಳನ್ನೇ. ಅದಕ್ಕೆ ದುರುದ್ದೇಶ ಕಾರಣವಾಗಿರಬೇಕಿಲ್ಲ, ಗುತ್ತಿಗೆಯ ಸ್ವರೂಪವೇ ಅಂಥದು. ಸ್ವಂತ ಪೈಲಟ್‌ಗಳು ಸಾಲದಾದಾಗ ಹೊರಗಿನವರನ್ನು ಕರೆಸುವ ಸಂಸ್ಥೆ, ಬೇಡಿಕೆ ತಗ್ಗಿದಾಗ ಅಥವಾ ತನ್ನ ಸಹಪೈಲಟ್‌ಗಳು ಕ್ಯಾಪ್ಟನ್ ಹುದ್ದೆಗೆ ಸಿದ್ಧರಾದಾಗ ಮೊದಲು ಆ ಹೊರಗಿನವರನ್ನೇ ಮನೆಗೆ ಕಳುಹಿಸುತ್ತದೆ. ಸೀನಿಯಾರಿಟಿ ಪಟ್ಟಿಯಲ್ಲಿ ನಿಮ್ಮ ಹೆಸರು ಇರುವುದಿಲ್ಲವಾದ್ದರಿಂದ ಆ ನಿರ್ಧಾರವನ್ನು ತಡೆಯುವ ಯಾವ ಕ್ರಮವೂ ಅಲ್ಲಿ ನಿಮ್ಮ ಪಾಲಿಗೆ ಇರುವುದಿಲ್ಲ.

ಮೊದಲು ಹಣದ ಲೆಕ್ಕ. ನಿಮ್ಮ ಈಗಿನ ತಿಂಗಳ ಸಂಬಳವನ್ನು 100 ಎಂದಿಟ್ಟುಕೊಳ್ಳೋಣ. ಅವರು ಹೇಳುತ್ತಿರುವುದು 200; ಅದರಲ್ಲಿ 30 ಬೋನಸ್ ಆಗಿರುವುದರಿಂದ ತಿಂಗಳು ತಿಂಗಳು ಕೈಗೆ ಬರುವುದು 170. ತರಬೇತಿಯ ನಾಲ್ಕು ತಿಂಗಳಲ್ಲಿ ಬರುವುದು ತಿಂಗಳಿಗೆ 80. ಮೂರು ವರ್ಷ ಪೂರೈಸಿದರೆ ಬೋನಸ್ ಸೇರಿ ಒಟ್ಟು 6,840, ಅಂದರೆ ತಿಂಗಳಿಗೆ ಸರಾಸರಿ 190. ಅಲ್ಲಿ ಬೇರೆ ಮನೆ ಹೂಡುವ ಖರ್ಚು, ಈಗ ಉದ್ಯೋಗದಾತರು ಕಟ್ಟುತ್ತಿರುವ ನಿವೃತ್ತಿ ನಿಧಿಯ ಪಾಲು, ಆರೋಗ್ಯ ವಿಮೆ ಮತ್ತು ಲೈಸೆನ್ಸ್ ಕಳೆದುಕೊಂಡರೆ ಪರಿಹಾರ ಕೊಡುವ ವಿಮೆ, ಇವೆಲ್ಲಕ್ಕೂ ತಿಂಗಳಿಗೆ 35 ಎಂದು ನಾನೇ ಅಂದಾಜು ಹಿಡಿದಿದ್ದೇನೆ. ನಿಮ್ಮ ನಿಜವಾದ ಅಂಕಿಗಳನ್ನು ಅಲ್ಲಿ ಹಾಕಿಕೊಳ್ಳಿ. ಉಳಿಯುವುದು 155. ಒಳ್ಳೆಯ ಗಳಿಕೆಯೇ, ಆದರೆ ಎರಡರಷ್ಟಲ್ಲ. ಇನ್ನು ಹದಿನಾಲ್ಕನೇ ತಿಂಗಳಿಗೆ ಗುತ್ತಿಗೆ ನಿಂತುಹೋಯಿತು ಎಂದುಕೊಳ್ಳಿ. ಆಗ ನಿಮಗೆ ಬಂದಿರುವುದು ಒಟ್ಟು 2,020, ತಿಂಗಳಿಗೆ 144. ಖರ್ಚು ಕಳೆದರೆ 109. ಇದ್ದ ಕೆಲಸದಲ್ಲೇ ಇದ್ದಿದ್ದರೆ 100 ಬರುತ್ತಿತ್ತು. ಆ 9ಕ್ಕಾಗಿ ನೀವು ನಾಲ್ಕು ವರ್ಷಗಳ ಕ್ಯಾಪ್ಟನ್ ಹುದ್ದೆಯನ್ನು ಬಿಟ್ಟಂತಾಗುತ್ತದೆ, ಏಕೆಂದರೆ ಸೀನಿಯಾರಿಟಿಯ ಮೇಲೆ ನಡೆಯುವ ಸಂಸ್ಥೆಗೆ ಮರಳಿದವರು ಸಾಮಾನ್ಯವಾಗಿ ಪಟ್ಟಿಯ ಕೊನೆಯಿಂದ, ಸಹಪೈಲಟ್ ಆಗಿಯೇ ಮತ್ತೆ ಆರಂಭಿಸಬೇಕಾಗುತ್ತದೆ.

ಆದ್ದರಿಂದ ಏಜೆನ್ಸಿಗೆ ಬರೆಯುವುದಕ್ಕೂ ಮೊದಲು ನಿಮ್ಮ ಈಗಿನ ಸಂಸ್ಥೆಗೆ ಒಂದು ಅರ್ಜಿ ಕೊಡಿ. ಸೀನಿಯಾರಿಟಿ ಉಳಿಸಿಕೊಂಡು ಸಂಬಳವಿಲ್ಲದ ದೀರ್ಘ ರಜೆ ಸಿಗುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಒಂದು ವರ್ಷದ ಮಟ್ಟಿಗೆ ಸಿಕ್ಕರೂ ಇಡೀ ಲೆಕ್ಕಾಚಾರ ಬದಲಾಗುತ್ತದೆ. ಇಲ್ಲ ಎಂದರೆ ಏನನ್ನು ಬಿಟ್ಟು ಹೋಗುತ್ತಿದ್ದೀರಿ ಎಂಬುದಾದರೂ ನಿಮಗೆ ಸ್ಪಷ್ಟವಾಗುತ್ತದೆ.

ಲೈಸೆನ್ಸಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅನುಭವಿಗಳೂ ಇಲ್ಲಿ ಎಡವುತ್ತಾರೆ. ಅಂತರರಾಷ್ಟ್ರೀಯ ವಿಮಾನಯಾನಕ್ಕೆ ಸಂಬಂಧಿಸಿದ 1944ರ ಶಿಕಾಗೋ ಒಪ್ಪಂದದ 32ನೇ ವಿಧಿಯ ಪ್ರಕಾರ, ಅಂತರರಾಷ್ಟ್ರೀಯ ಹಾರಾಟ ನಡೆಸುವ ವಿಮಾನದ ಪೈಲಟ್ ಬಳಿ ಆ ವಿಮಾನ ನೋಂದಣಿಯಾಗಿರುವ ದೇಶವು ನೀಡಿದ ಅಥವಾ ಮಾನ್ಯ ಮಾಡಿದ ಲೈಸೆನ್ಸ್ ಇರಬೇಕು. ಸಂಸ್ಥೆ ಯಾವ ದೇಶದ್ದು ಎಂಬುದಕ್ಕಿಂತ ವಿಮಾನದ ನೋಂದಣಿ ಎಲ್ಲಿಯದು ಎಂಬುದು ಇಲ್ಲಿ ಮುಖ್ಯ. ಗುತ್ತಿಗೆಗೆ ಪಡೆದ ವಿಮಾನಗಳಲ್ಲಿ ಇವೆರಡೂ ಬೇರೆ ಬೇರೆಯಾಗಿರಬಹುದು. ನಿಮಗೆ ಸಿಗುವುದು ಹೊಸ ದೇಶದ ಪೂರ್ಣ ಲೈಸೆನ್ಸೋ ಅಥವಾ ಈಗಿನ ಲೈಸೆನ್ಸಿಗೆ ತಾತ್ಕಾಲಿಕ ಮಾನ್ಯತೆಯೋ ಎಂದು ಕೇಳಿ. ಮಾನ್ಯತೆ ಮಾತ್ರವಾದರೆ ಅದು ಮೂಲ ಲೈಸೆನ್ಸಿನ ಮೇಲೆ ನಿಂತಿರುತ್ತದೆ. ಮೂಲದ ಅವಧಿ ಮುಗಿದ ದಿನ ಅದೂ ಮುಗಿಯುತ್ತದೆ. ಹಾಗಾಗಿ ಸ್ವದೇಶದ ವೈದ್ಯಕೀಯ ಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆ ಮತ್ತು ಇಂಗ್ಲಿಷ್ ಭಾಷಾ ಪರೀಕ್ಷೆಗಳನ್ನು ದೂರದಿಂದಲೇ ಚಾಲ್ತಿಯಲ್ಲಿ ಇಟ್ಟುಕೊಳ್ಳಬೇಕು. ಭಾಷಾ ಪರೀಕ್ಷೆಯಲ್ಲಿ ನೀವು ನಾಲ್ಕನೇ ಹಂತದಲ್ಲಿದ್ದರೆ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ, ಐದನೇ ಹಂತದಲ್ಲಿದ್ದರೆ ಆರು ವರ್ಷಕ್ಕೊಮ್ಮೆ ಮತ್ತೆ ಹಾಜರಾಗಬೇಕು. ಈ ಕೆಲಸಗಳಿಗೆ ಬೇಕಾದ ದಿನಗಳು ನಿಮ್ಮ ಎರಡು ವಾರಗಳ ರಜೆಯಿಂದಲೇ ಕಳೆಯುತ್ತವೆ.

ವೈದ್ಯಕೀಯ ಪರೀಕ್ಷೆಯ ಬಗ್ಗೆ ಮತ್ತೊಂದು ಮಾತು. ಹೊಸ ದೇಶದ ಪ್ರಾಧಿಕಾರ ತನ್ನದೇ ವೈದ್ಯರಿಂದ ಮೊದಲ ದರ್ಜೆಯ ಪರೀಕ್ಷೆ ಮಾಡಿಸಬಹುದು, ಅದರ ಮಾನದಂಡ ನೀವು ಈವರೆಗೆ ಕಂಡದ್ದಕ್ಕಿಂತ ಬಿಗಿಯಾಗಿರಬಹುದು. ಅಲ್ಲಿ ಅನರ್ಹರೆಂದು ಬರೆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ: ‘ಈ ಹಿಂದೆ ಯಾವುದೇ ದೇಶದಲ್ಲಿ ವೈದ್ಯಕೀಯ ಪ್ರಮಾಣಪತ್ರ ನಿರಾಕರಿಸಲಾಗಿದೆಯೇ’ ಎಂಬ ಪ್ರಶ್ನೆ ಅನೇಕ ದೇಶಗಳ ಅರ್ಜಿಯಲ್ಲಿ ಇರುತ್ತದೆ, ಅದಕ್ಕೆ ಸತ್ಯವನ್ನೇ ಬರೆಯಬೇಕು. ಹೊಸ ಪರೀಕ್ಷೆಯಲ್ಲಿ ಏನೇನು ಇರುತ್ತದೆ ಎಂದು ಮೊದಲೇ ತಿಳಿದು, ನಿಮಗೆ ಪರಿಚಿತರಾದ ವಿಮಾನಯಾನ ವೈದ್ಯರೊಂದಿಗೆ ಚರ್ಚಿಸಿ. ಅದರ ಫಲಿತಾಂಶ ಕೈಗೆ ಬರುವ ಮುನ್ನ ರಾಜೀನಾಮೆ ಕೊಡಲೇಬೇಡಿ.

ಇನ್ನು ಕರಾರುಪತ್ರ. ‘ಸಂಸ್ಥೆಯ ಕಾರ್ಯಾಚರಣೆಯ ಅಗತ್ಯಕ್ಕೆ ಅನುಗುಣವಾಗಿ’ ಎಂಬ ಪದಗುಚ್ಛ ಎಲ್ಲೆಲ್ಲಿ ಬರುತ್ತದೆಯೋ ಅಲ್ಲೆಲ್ಲ ಗೆರೆ ಎಳೆಯಿರಿ. ರೋಸ್ಟರ್ (ಕೆಲಸ ಮತ್ತು ರಜೆಯ ವೇಳಾಪಟ್ಟಿ) ವಿಷಯದಲ್ಲಿ ಅದು ಬಂದರೆ ಆರು ವಾರ ಎಂಟಾಗಬಹುದು. ಊರಿನ ವಿಷಯದಲ್ಲಿ ಬಂದರೆ ನೀವು ಬಾಡಿಗೆಗೆ ಹಿಡಿದ ಮನೆಯಿಂದ ದೂರದ ನೆಲೆಗೆ ವರ್ಗವಾಗಬಹುದು. ಗುತ್ತಿಗೆ ಕೊನೆಗೊಳಿಸುವ ಷರತ್ತಿನಲ್ಲಿ ಬಂದರೆ ಮೂರು ವರ್ಷ ಎಂಬುದು ನಿಮ್ಮೊಬ್ಬರನ್ನೇ ಕಟ್ಟಿಹಾಕುವ ಅವಧಿಯಾಗುತ್ತದೆ. ನಿಮ್ಮ ಉದ್ಯೋಗದಾತರು ಯಾರು, ಏಜೆನ್ಸಿಯೋ ವಿಮಾನಸಂಸ್ಥೆಯೋ? ಸಂಬಳ ಬಾರದಿದ್ದರೆ ಯಾವ ದೇಶದ ಕಾನೂನಿನ ಪ್ರಕಾರ, ಯಾವ ನ್ಯಾಯಾಲಯದಲ್ಲಿ ಕೇಳಬೇಕು? ಏಜೆನ್ಸಿ ಮೂರನೆಯ ದೇಶದಲ್ಲಿ ನೋಂದಣಿಯಾಗಿದ್ದರೆ ಈ ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ವಕೀಲರ ಶುಲ್ಕವೇ ಬಾಕಿಯನ್ನು ಮೀರಬಹುದು. ತಿಂಗಳಿಗೆ ಕನಿಷ್ಠ ಎಷ್ಟು ಬ್ಲಾಕ್ ಅವರ್‌ಗಳಿಗೆ (ವಿಮಾನ ನಿಲುಗಡೆಯಿಂದ ಹೊರಟು ಮತ್ತೆ ನಿಲುಗಡೆ ಸೇರುವವರೆಗಿನ ಗಂಟೆಗಳಿಗೆ) ಸಂಬಳ ಖಾತರಿ ಎಂಬುದನ್ನೂ ನೋಡಿ. ವಿಮಾನ ಹಾರದಿದ್ದರೂ ಆ ಖಾತರಿ ಉಳಿಯಬೇಕು.

ಬಾಂಡ್ ಬಗ್ಗೆ ನನ್ನ ಸಲಹೆ ನೇರವಾಗಿದೆ. ನೀವು ಪೂರೈಸುವ ಪ್ರತಿ ತಿಂಗಳಿಗೂ ಅದರ ಮೊತ್ತ 36ರಲ್ಲಿ ಒಂದು ಪಾಲು ಇಳಿಯಬೇಕು. ಸಂಸ್ಥೆಯೇ ಕೈಬಿಟ್ಟರೆ ಅಥವಾ ನೀವು ವೈದ್ಯಕೀಯವಾಗಿ ಅನರ್ಹರಾದರೆ ಅದು ಪೂರ್ತಿ ರದ್ದಾಗಬೇಕು. ಬೋನಸ್ಸಿಗೂ ಇದೇ ನ್ಯಾಯ: ಗುತ್ತಿಗೆ ನಿಲ್ಲಿಸಿದವರು ಅವರಾದರೆ ಅಲ್ಲಿಯವರೆಗಿನ ಪಾಲು ನಿಮಗೆ ಬರಬೇಕು. ಸಹಿ ಮಾಡಿದ ಖಾಲಿ ಚೆಕ್ ಅಥವಾ ಮೊತ್ತ ಬರೆಯದ ಪ್ರಾಮಿಸರಿ ನೋಟನ್ನು ಯಾವ ಕಾರಣಕ್ಕೂ ಕೊಡಬೇಡಿ.

ತೆರಿಗೆ ಇಲ್ಲ ಎಂಬ ಮಾತನ್ನು ಹೇಳಿದವರು ಏಜೆನ್ಸಿಯವರು, ತೆರಿಗೆ ಇಲಾಖೆಯವರಲ್ಲ. ಅಂತರರಾಷ್ಟ್ರೀಯ ಹಾರಾಟದ ಸಿಬ್ಬಂದಿಯ ಸಂಬಳಕ್ಕೆ ದ್ವಿತೆರಿಗೆ ತಪ್ಪಿಸುವ ಒಪ್ಪಂದಗಳಲ್ಲಿ ಪ್ರತ್ಯೇಕ ನಿಯಮವೇ ಇದೆ. ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ ರೂಪಿಸಿರುವ ಮಾದರಿ ಒಪ್ಪಂದದ ಹಳೆಯ ರೂಪದಲ್ಲಿ ಸಂಸ್ಥೆಯ ಆಡಳಿತ ನಡೆಯುವ ದೇಶಕ್ಕೆ ತೆರಿಗೆ ವಿಧಿಸುವ ಅವಕಾಶವಿತ್ತು; 2017ರ ಪರಿಷ್ಕರಣೆಯಲ್ಲಿ ಆ ಹಕ್ಕು ಉದ್ಯೋಗಿಯ ವಾಸದ ದೇಶಕ್ಕೆ ಹೋಯಿತು. ನಿಮಗೆ ಸಂಬಂಧಿಸಿದ ಎರಡು ದೇಶಗಳ ನಡುವಿನ ಒಪ್ಪಂದ ಯಾವ ಮಾದರಿಯದು, ಕುಟುಂಬ ಊರಿನಲ್ಲೇ ಉಳಿದರೆ ನೀವು ಯಾವ ದೇಶದ ನಿವಾಸಿ ಎನಿಸುತ್ತೀರಿ ಎಂಬುದನ್ನು ಲೆಕ್ಕಪರಿಶೋಧಕರಿಂದ ಬರವಣಿಗೆಯಲ್ಲಿ ಪಡೆಯಿರಿ.

ಸುರಕ್ಷತೆಯನ್ನು ಪ್ರತ್ಯೇಕವಾಗಿಯೇ ಹೇಳುತ್ತೇನೆ, ಏಕೆಂದರೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಇಲ್ಲಿ. ಯುರೋಪಿನ ನಿಯಮದಂತೆ 28 ದಿನಗಳಲ್ಲಿ 100 ಗಂಟೆ, ಒಂದು ಕ್ಯಾಲೆಂಡರ್ ವರ್ಷದಲ್ಲಿ 900 ಗಂಟೆ ಹಾರಾಟದ ಮಿತಿ; ಬೇರೆ ದೇಶಗಳ ಮಿತಿಗಳೂ ಇದರ ಆಸುಪಾಸಿನಲ್ಲಿವೆ. ಆದರೆ ನಿದ್ದೆ ಸಾಲದ ಒಂದು ಬೆಳಗ್ಗೆ ‘ಇಂದು ನಾನು ಹಾರಲು ಸಮರ್ಥನಲ್ಲ’ ಎಂದು ಹೇಳುವುದು ಆ ಅಂಕಿಗಳಿಗಿಂತ ಮುಖ್ಯವಾದ ಮಿತಿ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯ 2015ರಲ್ಲಿ ಪ್ರಕಟಿಸಿದ, ಆರು ಸಾವಿರಕ್ಕೂ ಹೆಚ್ಚು ಪೈಲಟ್‌ಗಳು ಪಾಲ್ಗೊಂಡ ಅಧ್ಯಯನವೊಂದು ಏಜೆನ್ಸಿ ಹಾಗೂ ಸ್ವ-ಉದ್ಯೋಗದ ಹೆಸರಿನ ಗುತ್ತಿಗೆಗಳು ಇಂತಹ ನಿರ್ಧಾರಗಳ ಮೇಲೆ ಬೀರುವ ಒತ್ತಡವನ್ನೂ ಪರಿಶೀಲಿಸಿತ್ತು. ಅನಾರೋಗ್ಯದ ದಿನಕ್ಕೆ ಸಂಬಳ ಉಂಟೇ, ದಣಿವಿನ ವರದಿ ಕೊಟ್ಟವರನ್ನು ಆ ಸಂಸ್ಥೆ ಹೇಗೆ ನಡೆಸಿಕೊಂಡಿದೆ ಎಂಬುದನ್ನು ಅಲ್ಲಿ ಈಗ ಕೆಲಸ ಮಾಡುತ್ತಿರುವ ಮತ್ತು ಬಿಟ್ಟು ಬಂದಿರುವ ಪೈಲಟ್‌ಗಳಿಬ್ಬರಿಂದಲೂ ಕೇಳಿ ತಿಳಿಯಿರಿ. ಉತ್ತರ ಸಮಾಧಾನ ತಾರದಿದ್ದರೆ ಸಂಬಳ ಮೂರರಷ್ಟಿದ್ದರೂ ಹೋಗಬೇಡಿ.

ಮನೆಯ ವಿಷಯವನ್ನು ನಿರ್ಧರಿಸಬೇಕಾದವರು ನೀವು ಮತ್ತು ನಿಮ್ಮ ಪತ್ನಿ. ಆರು ವಾರ, ಎರಡು ವಾರ ಎಂಬ ಲೆಕ್ಕದಲ್ಲಿ ವರ್ಷಕ್ಕೆ ಹೆಚ್ಚೆಂದರೆ 13 ವಾರ ಮನೆಯಲ್ಲಿರುತ್ತೀರಿ; ಪ್ರಯಾಣದ ದಿನಗಳನ್ನೂ ಮೇಲೆ ಹೇಳಿದ ಪರೀಕ್ಷೆಗಳನ್ನೂ ಅದರಲ್ಲೇ ಕಳೆಯಬೇಕು. ಮಗಳು ಒಂಬತ್ತನೇ ತರಗತಿಗೆ ಬರುವವರೆಗೆ ಮನೆಯ ಹೊಣೆ ಬಹುಮಟ್ಟಿಗೆ ಒಬ್ಬರ ಮೇಲೆಯೇ ಬೀಳುತ್ತದೆ. ಆ ಹೊಣೆ ಹೊರುವವರು ಒಪ್ಪಿದ್ದಾರೆಯೇ ಎಂದು ನಿಮ್ಮ ಪತ್ರ ಹೇಳುವುದಿಲ್ಲ. ಮಾಸಿಕ ಸಂಬಳ ಸ್ವಲ್ಪ ಕಡಿಮೆ ಮಾಡಿಕೊಂಡಾದರೂ 20 ದಿನ ಕೆಲಸ, 10 ದಿನ ರಜೆಯ ರೋಸ್ಟರ್ ಇದೆಯೇ ಎಂದು ಕೇಳಿ ನೋಡಿ.

ಹಾಗಾದರೆ ಹೋಗಬೇಕೇ? ಈಗಿರುವ ರೂಪದಲ್ಲಿ ಸಹಿ ಹಾಕಬೇಡಿ. ಬಾಂಡ್, ಬೋನಸ್ ಮತ್ತು ಗುತ್ತಿಗೆ ಕೊನೆಗೊಳಿಸುವ ಷರತ್ತು, ಈ ಮೂರನ್ನೂ ತಿದ್ದಿ ಕಳುಹಿಸಿ. ಒಪ್ಪಿದರೆ, ಪತ್ನಿಯೂ ಮನಸಾರೆ ಒಪ್ಪಿದರೆ, ಹೋಗಿ. ಗುತ್ತಿಗೆಯಿಂದ ಬದುಕು ಹಸನಾದವರು ಬಹಳ ಜನ ಇದ್ದಾರೆ. ಎರಡು ವಾರಗಳ ಗಡುವಿಗೆ ಹೆದರಬೇಕಾಗಿಲ್ಲ. ಎ320 ಕ್ಯಾಪ್ಟನ್ ನಿಜವಾಗಿಯೂ ಬೇಕಾಗಿರುವ ಸಂಸ್ಥೆ ಮೂರನೆಯ ವಾರವೂ ಕಾಯುತ್ತದೆ. ಹೋದ ಮೇಲೆ ಪ್ರತಿ ತಿಂಗಳ ಕೊನೆಗೆ ರೋಸ್ಟರ್, ಹಾರಾಟದ ಗಂಟೆಗಳ ದಾಖಲೆ ಮತ್ತು ತರಬೇತಿಯ ವರದಿಗಳ ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಗುತ್ತಿಗೆ ಮುಗಿದ ದಿನವೇ ಸಂಸ್ಥೆಯ ಕಂಪ್ಯೂಟರ್ ಖಾತೆ ಮುಚ್ಚುತ್ತದೆ, ಮುಂದಿನ ಉದ್ಯೋಗದಾತರು ಮೊದಲು ಕೇಳುವುದು ಅದೇ ಗಂಟೆಗಳ ದೃಢೀಕರಣವನ್ನು.

ಪ್ರಶ್ನೆ: ನನಗೆ 61 ವರ್ಷ. ವಿದೇಶದಲ್ಲಿ ಐದು ವರ್ಷಗಳ ಗುತ್ತಿಗೆ ಎನ್ನುತ್ತಿದ್ದಾರೆ. ಈ ವಯಸ್ಸಿಗೆ ಅದು ಸಾಧ್ಯವೇ?

ಉತ್ತರ: ಐದು ವರ್ಷ ಪೂರ್ತಿ ಹಾರುವುದು ಸಾಧ್ಯವಾಗಲಾರದು. ಇಬ್ಬರು ಪೈಲಟ್‌ಗಳಿರುವ ಅಂತರರಾಷ್ಟ್ರೀಯ ವಾಣಿಜ್ಯ ಹಾರಾಟಕ್ಕೆ ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ) ಮಿತಿ 2006ರ ನವೆಂಬರಿನಿಂದ 65 ವರ್ಷ. ಜೊತೆಯ ಪೈಲಟ್ 60ಕ್ಕಿಂತ ಕಿರಿಯರಿರಬೇಕು ಎಂಬ ಷರತ್ತು 2014ರಲ್ಲಿ ಹೋಯಿತು. ಆದರೆ ನಿಮ್ಮ ವೈದ್ಯಕೀಯ ಪ್ರಮಾಣಪತ್ರವನ್ನು ಈಗ ಆರು ತಿಂಗಳಿಗೊಮ್ಮೆ ನವೀಕರಿಸಬೇಕು, ತರಬೇತಿಗೂ ಕೆಲವು ತಿಂಗಳು ಹೋಗುತ್ತವೆ. 65 ತುಂಬಿದ ದಿನ ನೀವಾಗಿಯೇ ಬಿಟ್ಟವರೆಂದು ಲೆಕ್ಕ ಹಾಕಿ ಬಾಂಡ್ ಕೇಳದಂತೆ, ಬೋನಸ್ ತಡೆಯದಂತೆ ಕರಾರಿನಲ್ಲಿ ಒಂದು ವಾಕ್ಯ ಸೇರಿಸಿಕೊಳ್ಳಿ. ಆ ದೇಶದ ಸ್ವಂತ ವಯೋಮಿತಿ ಇನ್ನೂ ಕಡಿಮೆ ಇರಬಹುದು, ಅದನ್ನು ಮೊದಲು ವಿಚಾರಿಸಿ.

ಪ್ರಶ್ನೆ: ನನ್ನ ಬಳಿ 200 ಗಂಟೆಗಳ ಅನುಭವ ಮತ್ತು ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದೆ. ಹಣ ಕಟ್ಟಿದರೆ ವಿದೇಶದ ಸಂಸ್ಥೆಯಲ್ಲಿ ಸಹಪೈಲಟ್ ಆಗಿ 500 ಗಂಟೆ ಹಾರುವ ಅವಕಾಶ ಕೊಡಿಸುತ್ತೇವೆ ಎಂದು ಏಜೆನ್ಸಿಯೊಂದು ಹೇಳುತ್ತಿದೆ. ಅಪ್ಪ ಸಾಲ ಮಾಡಲು ಸಿದ್ಧರಿದ್ದಾರೆ.

ಉತ್ತರ: ದಯವಿಟ್ಟು ಬೇಡ. ಅದು ಉದ್ಯೋಗವಲ್ಲ, ಪ್ರಯಾಣಿಕರಿರುವ ವಿಮಾನದಲ್ಲಿ ನೀವೇ ಹಣ ಕೊಟ್ಟು ಆಸನ ಕೊಳ್ಳುವ ಏರ್ಪಾಡು. 500 ಗಂಟೆ ಮುಗಿದ ಮೇಲೆ ಆ ಆಸನ ಹಣ ಕಟ್ಟಿದ ಮುಂದಿನವರಿಗೆ ಹೋಗುತ್ತದೆ. ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸಿಗೆ ಐಸಿಎಒ ಕೇಳುವ ಕನಿಷ್ಠ ಅನುಭವ 1,500 ಗಂಟೆ, ಆದ್ದರಿಂದ ಸಾಲ ಮಾಡಿದ ಮೇಲೂ ನೀವು ಅರ್ಧ ದಾರಿಯಲ್ಲೇ ಇರುತ್ತೀರಿ. ಹಣವನ್ನು ಖರ್ಚು ಮಾಡಲೇಬೇಕಿದ್ದರೆ ನೇಮಕಾತಿಯ ಲಿಖಿತ ಭರವಸೆ ಇರುವ ಸಂಸ್ಥೆಯ ಟೈಪ್ ರೇಟಿಂಗಿಗೆ (ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆಗೆ) ಮಾಡಿ, ಅದೂ ಪೂರ್ತಿ ಮೊತ್ತವನ್ನು ಮುಂಗಡವಾಗಿ ಕಟ್ಟದೆ ಹಂತ ಹಂತವಾಗಿ. ಅಲ್ಲಿಯವರೆಗೆ ಹಾರಾಟ ತರಬೇತಿ ಶಾಲೆಯಲ್ಲಿ ಬೋಧಕರಾಗುವ ಅರ್ಹತೆ ಪಡೆಯುವುದನ್ನು ಪರಿಶೀಲಿಸಿ. ಅಲ್ಲಿ ಗಂಟೆಗಳು ನಿಧಾನವಾಗಿ ಕೂಡುತ್ತವೆ, ಆದರೆ ಪ್ರತಿ ಗಂಟೆಗೂ ನಿಮಗೇ ಸಂಬಳ ಬರುತ್ತದೆ.