ಪ್ರಿಪೊಸಿಷನ್ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ತೋಟದ ಹೋಂಸ್ಟೇ ಪರಿಚಯಪತ್ರದಲ್ಲಿ ‘ದಿ ಯಾರ್ಡ್ ವಿಚ್ ವಿ ಡ್ರೈ ಕಾಫಿ’ ಎಂದು ಬರೆದಿದ್ದೆ. ಅತಿಥಿಯೊಬ್ಬರು ‘ಇನ್’ ಎಂಬ ಪ್ರಿಪೊಸಿಷನ್ ಬಿಟ್ಟುಹೋಗಿದೆ ಎಂದರು. ಅದು ಎಲ್ಲಿ ಬರಬೇಕು?
– ಓದುಗರು, ವಿರಾಜಪೇಟೆ

ಉತ್ತರ: ಅತಿಥಿ ಹೇಳಿದ್ದು ಸರಿ. ‘ಕಣದಲ್ಲಿ ಕಾಫಿ ಒಣಗಿಸುತ್ತೇವೆ’ ಎಂಬುದನ್ನು ನಾವು ‘ಕಾಫಿ ಒಣಗಿಸುವ ಕಣ’ ಎಂದು ತಿರುಗಿಸಿದಾಗ ಸಪ್ತಮಿಯ ‘ಅಲ್ಲಿ’ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಇಂಗ್ಲಿಷಿನಲ್ಲಿ ಹಾಗೆ ಬೀಳಿಸುವಂತಿಲ್ಲ. ಮೊದಲು ‘ವಿ ಡ್ರೈ ಕಾಫಿ ಇನ್ ದಿ ಯಾರ್ಡ್’ ಎಂದು ಬಿಡಿವಾಕ್ಯ ಮಾಡಿ ನೋಡಿ. ಅಲ್ಲಿರುವ ‘ಇನ್’ ರಿಲೇಟಿವ್ ಕ್ಲಾಝ್‌ನಲ್ಲೂ, ಅಂದರೆ ‘ವಿಚ್’ನಿಂದ ನಾಮಪದಕ್ಕೆ ಜೋಡಿಸುವ ಉಪವಾಕ್ಯದಲ್ಲೂ, ಉಳಿಯಬೇಕು. ‘ದಿ ಯಾರ್ಡ್ ಇನ್ ವಿಚ್ ವಿ ಡ್ರೈ ಕಾಫಿ’ ಗಂಭೀರ ಬರಹಕ್ಕೆ ಒಪ್ಪುತ್ತದೆ. ‘ದಿ ಯಾರ್ಡ್ ವಿಚ್ ವಿ ಡ್ರೈ ಕಾಫಿ ಇನ್’ ಎಂಬುದೂ ಶುದ್ಧವೇ. ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದೆಂಬ ಆಕ್ಷೇಪವನ್ನು ಕವಿ ಜಾನ್ ಡ್ರೈಡನ್ 1672ರಲ್ಲೇ ಎತ್ತಿದ್ದನಾದರೂ ಇಂಗ್ಲಿಷ್ ಮಾತನಾಡುವವರು ಅದಕ್ಕೆ ಕಿವಿಗೊಟ್ಟದ್ದು ಕಡಿಮೆ. ಎರಡೂ ಕಡೆ ‘ಇನ್’ ಹಾಕುವುದು ಮಾತ್ರ ತಪ್ಪು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇದು ಧಾರಾಳ.

‘ವೇರ್’ ಬಳಸಿದರೆ ‘ಇನ್’ ಬೇಕಿಲ್ಲ. ‘ದಟ್’ ಬಳಸಿದರೆ ‘ಇನ್’ ಕೊನೆಗೇ ಹೋಗಬೇಕು. ‘ಇನ್ ದಟ್ ವಿ ಡ್ರೈ’ ಎಂಬ ರೂಪವಿಲ್ಲ. ವ್ಯಕ್ತಿಗಳ ವಿಷಯದಲ್ಲಿ ಪ್ರಿಪೊಸಿಷನ್ ಮುಂದೆ ಬಂದಾಗ ‘ಹೂ’ ಸಲ್ಲದು, ‘ಹೂಮ್’ ಬೇಕು: ‘ದಿ ಪ್ಲಾಂಟರ್ ಫ್ರಂ ಹೂಮ್ ವಿ ಬೈ ಪೆಪ್ಪರ್’. ಆದರೆ ‘ಲುಕ್ ಆಫ್ಟರ್’ನಂತಹ ಜೋಡಿ ಕ್ರಿಯಾಪದಗಳನ್ನು ಒಡೆಯಬೇಡಿ, ‘ದಿ ಗೆಸ್ಟ್ಸ್ ಹೂಮ್ ವಿ ಲುಕ್ ಆಫ್ಟರ್’ ಎಂದೇ ಬರೆಯಿರಿ.