250 ಬೇಕಾ, 300 ಬೇಕಾ: ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ನನ್ನ ಹತ್ತಿರ ಕ್ಯಾನನ್ 1500ಡಿ ಇದೆ. ಮೈದನಹಳ್ಳಿಯ ಕೃಷ್ಣಮೃಗ, ಕಗ್ಗಲಡುವಿನ ಕೊಕ್ಕರೆ ತೆಗೆಯುವ ಆಸೆ. 55–250 ಐಎಸ್ ಎಸ್‌ಟಿಎಂ ಕೊಳ್ಳಲೋ, 75–300 ಮೂರನೇ ಆವೃತ್ತಿಯ ಲೆನ್ಸ್ ಕೊಳ್ಳಲೋ? ಅಂಗಡಿಯವರು 300 ತಗೊಳ್ಳಿ ಅಂತಿದ್ದಾರೆ. (ಓದುಗರು, ಶಿರಾ)

55–250 ಎಸ್‌ಟಿಎಂ ತಗೊಳ್ಳಿ. ‘50 ಎಂಎಂ ಜಾಸ್ತಿ ಸಿಗುತ್ತಲ್ಲ’ ಎಂಬ ವಾದ ಕೇಳಿ ಕೇಳಿ ಸಾಕಾಗಿದೆ. ಎಂಎಂ ಹೆಚ್ಚಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಆ ಜಾಸ್ತಿ ಎಷ್ಟೆಂದು ಯಾರೂ ಲೆಕ್ಕ ಹಾಕುವುದಿಲ್ಲ. ನಿಮ್ಮ ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಅಗಲ 22.3 ಮಿ.ಮೀ. 60 ಮೀಟರ್ ದೂರದಲ್ಲಿ 250ರಲ್ಲಿ ಫ್ರೇಮಿಗೆ ಬರುವುದು ಸುಮಾರು 5.4 ಮೀಟರ್ ಅಗಲದ ಜಾಗ, 300ರಲ್ಲಿ 4.5 ಮೀಟರ್. 1.2 ಮೀಟರ್ ಉದ್ದದ ಗಂಡು ಕೃಷ್ಣಮೃಗ ಎರಡರಲ್ಲೂ ಹೆಚ್ಚುಕಡಿಮೆ ಫ್ರೇಮಿನ ಕಾಲು ಭಾಗವೇ.

ಇಷ್ಟಕ್ಕಾಗಿ ಕಳೆದುಕೊಳ್ಳುವುದು ನೋಡಿ. 75–300ರಲ್ಲಿ ಐಎಸ್, ಅಂದರೆ ಕೈ ನಡುಕ ತಡೆಯುವ ವ್ಯವಸ್ಥೆ ಇಲ್ಲ. ‘ಯುಎಸ್‌ಎಂ ಅಂತ ಬರೆದಿದೆಯಲ್ಲ’ ಅನ್ನಬೇಡಿ, ಅದು ಫೋಕಸ್ ಮೋಟಾರಿನ ಹೆಸರು, ಎಸ್‌ಟಿಎಂ ಇದ್ದ ಹಾಗೆ. ಕೈಯಲ್ಲಿ ಹಿಡಿದು 300ರಲ್ಲಿ ತೆಗೆದರೆ ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ಇಳಿಸುವ ಹಾಗಿಲ್ಲ. 300ರ ತುದಿಯಲ್ಲಿ ಎಫ್/5.6ಗೆ ಚಿತ್ರ ಮಂಜಾಗುವುದರಿಂದ ಎಫ್/8ಕ್ಕೆ ಹೋಗಲೇಬೇಕು, ಅಂದರೆ ಒಳಬರುವ ಬೆಳಕು ಅರ್ಧ. ಬೆಳಗಿನ ಮಬ್ಬು ಬೆಳಕಿನಲ್ಲಿ ನಿಂತ ಜಿಂಕೆಯನ್ನು 55–250ರಲ್ಲಿ ಎಫ್/5.6, 1/125, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 400ಕ್ಕೆ ತೆಗೆಯಬಹುದಾದರೆ, 75–300ಕ್ಕೆ ಅದೇ ಬೆಳಕಿನಲ್ಲಿ ಐಎಸ್‌ಒ 3200 ಬೇಕು. ಮೈಮೇಲಿನ ಕೂದಲಿನ ವಿವರವೆಲ್ಲ ಚಿತ್ರದ ಕಾಳುಕಾಳು ಗದ್ದಲದಲ್ಲಿ (ನಾಯ್ಸ್) ಕರಗಿಹೋಗುತ್ತದೆ. ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆ ಹುಣಸೆ ಮರದ ತುದಿಯಲ್ಲಿ ಆಕಾಶಕ್ಕೆ ಎದುರಾಗಿ ಕೂತಿದ್ದರೆ ಬಿಳಿ ಗರಿಯ ಅಂಚಿಗೆ ನೇರಳೆ ಗೆರೆ ಎಳೆದಂತೆ ಕಾಣುತ್ತದೆ. ಅದೂ ಈ ಲೆನ್ಸಿನದೇ ದೋಷ.

ಓಡುವ ಜಿಂಕೆ, ಹಾರುವ ಕೊಕ್ಕರೆಗೆ ಐಎಸ್ ಏನೂ ಮಾಡದು. ಅದು ನಿಮ್ಮ ಕೈ ನಡುಕವನ್ನಷ್ಟೇ ತಡೆಯುತ್ತದೆ. ಅಲ್ಲಿ ಯಾವ ಲೆನ್ಸಾದರೂ 1/1000 ಅಥವಾ ಅದಕ್ಕಿಂತ ವೇಗ ಇಡಿ. ನಿಂತ ಪ್ರಾಣಿಗೆ ಬಟನ್ ಅರ್ಧ ಒತ್ತಿ, ಫೈಂಡರಿನಲ್ಲಿ ಚಿತ್ರ ತೂಗಾಡುವುದು ನಿಂತ ಮೇಲೆ ಪೂರ್ತಿ ಒತ್ತಿ. ಟ್ರೈಪಾಡ್ ಮೇಲಿದ್ದರೆ ಐಎಸ್ ಆಫ್.

ಹಳೆಯದು ಕೊಳ್ಳುವುದಾದರೆ ಲೆನ್ಸಿನ ಮೇಲೆ ‘ಎಸ್‌ಟಿಎಂ’ ಅಂತ ಇದೆಯೇ ನೋಡಿ. ಎಸ್‌ಟಿಎಂ ಇಲ್ಲದ ಹಳೆಯ 55–250ಗಳೂ ಅದೇ ಬೆಲೆ ಹೇಳಿ ಮಾರಾಟವಾಗುತ್ತವೆ. ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಬಿಟ್ಟು ಬನ್ನಿ. ಆಮೇಲೆ ಗೋಡೆಗೆ ದಿನಪತ್ರಿಕೆ ಅಂಟಿಸಿ 250ರಲ್ಲಿ ಎಫ್/5.6ಗೆ ತೆಗೆದು ನಾಲ್ಕು ಮೂಲೆ ಹೋಲಿಸಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಲೆನ್ಸ್ ಬಿದ್ದಿರಬಹುದು.

ಇನ್ನೊಂದು ಮಾತು. ಬಿಸಿಲೇರಿದ ಮೇಲೆ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ನೆಲದ ಗಾಳಿ ಕುದಿಯುವಂತೆ ಅಲೆಯಾಡುತ್ತದೆ. ಆಗ ದೂರದ ಚಿತ್ರ ಯಾವ ಲೆನ್ಸಿನಲ್ಲೂ ಮೊನಚಾಗದು. ಅದಕ್ಕೆ ಲೆನ್ಸ್ ಬದಲಿಸಬೇಡಿ, ಬೇಗ ಎದ್ದು ಹೋಗಿ. ಹತ್ತಿರ ಸಿಗಲೆಂದು ಹಿಂಡನ್ನು ಅಟ್ಟಿಸಿಕೊಂಡು ಮಾತ್ರ ಹೋಗಬೇಡಿ.

ಪ್ರಶ್ನೆ: 55–250ಕ್ಕೆ 2ಎಕ್ಸ್ ಕನ್ವರ್ಟರ್ (ಕ್ಯಾಮೆರಾ, ಲೆನ್ಸ್ ನಡುವೆ ಕೂರಿಸಿ ಎಂಎಂ ಎರಡು ಪಟ್ಟು ಮಾಡುವುದು) ಹಾಕಬಹುದೇ? (ತಿಪಟೂರು)

ಬೇಡ. ಕ್ಯಾನನ್‌ನವರದೇ ಕನ್ವರ್ಟರ್, ಅಂದರೆ ಎಕ್ಸ್‌ಟೆಂಡರ್, ಇದಕ್ಕೆ ಕೂರುವುದೇ ಇಲ್ಲ, ಬೇರೆಯದು ಹಾಕಿದರೆ ಎಫ್/11 ಆಗಿ ಆಟೋಫೋಕಸ್ ಕೈಕೊಡುತ್ತದೆ. ಮುಂದೆ ತಿರುಪಿ ಹಾಕುವ ಗಾಜುಗಳ ಸುದ್ದಿ ಎತ್ತಲೇಬೇಡಿ.

ಪ್ರಶ್ನೆ: ಫಂಗಸ್‌ಗೆ ಲೆನ್ಸನ್ನು ಬಿಸಿಲಿಗಿಟ್ಟು ಅಕ್ಕಿ ಡಬ್ಬಿಯಲ್ಲಿ ಹೂತಿಡಲು ಒಬ್ಬರು ಹೇಳಿದರು. (ಗುಬ್ಬಿ)

ಅವರ ಮಾತು ಮತ್ತೆ ಕೇಳಬೇಡಿ. ಅಕ್ಕಿಯ ಪುಡಿ ಜೂಮ್ ಸಂದಿಗೆ ಹೋಗುತ್ತದೆ, ಬಿಸಿಲಿಗೆ ಲೆನ್ಸಿನೊಳಗಿನ ಜಿಡ್ಡು ಕರಗಿ, ಬೆಳಕಿನ ಕಿಂಡಿ ಕಿರಿದು ಮಾಡುವ ಡಯಾಫ್ರಮ್ ಎಲೆಗೆ ಹರಿಯಬಹುದು. ಫಂಗಸ್ ಬಂದ ಮೇಲೆ ಸರ್ವೀಸಿನವರೇ ಬಿಚ್ಚಿ ತೊಳೆಯಬೇಕು. ಬರದಿರಲು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ನೀಲಿ ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದ ಕೂಡಲೇ ಬದಲಿಸಿ.

ಪ್ರಶ್ನೆ: ನನ್ನದು 6ಡಿ. 55–250 ಆಗುತ್ತಾ? (ಮಧುಗಿರಿ)

ಕೂರುವುದಿಲ್ಲ. ಅದು ಸಣ್ಣ ಸೆನ್ಸರಿನ ಕ್ಯಾಮೆರಾಗೆ ಮಾಡಿದ್ದು, ನಿಮ್ಮದರ ಸೆನ್ಸರ್ ದೊಡ್ಡದು. 70–300 ಐಎಸ್ ಎರಡನೇ ಆವೃತ್ತಿ ನೋಡಿ.